ಬರುವ ನೋವಿಗೆ ಸಿದ್ಧರಾಗುವುದು ಭಯವೇ?

*ದಿನದ ಧಮ್ಮ ಚಿಂತನೆ*

 

ಇವತ್ತಿನ ಪ್ರಶ್ನೆ ಇದು. ಒಂದು ನೋವು ಮತ್ತೆ ಬಂದೇ ಬರುತ್ತದೆ ಎಂದು ಗೊತ್ತಿದ್ದಾಗ ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳುವುದು ಭಯದ ಲಕ್ಷಣವೇ? ಈ ಕ್ಷಣದ ಮೇಲೆ ಗಮನವಿಡಿ ಎನ್ನುವ ಧಮ್ಮದಲ್ಲಿ ನಾಳೆಯ ನೋವಿನ ಚಿಂತೆಗೆ ಜಾಗವಿದೆಯೇ?

ನನಗೆ ಇದು ಪುಸ್ತಕದ ಪ್ರಶ್ನೆಯಲ್ಲ. ನನಗೆ ಕ್ಲಸ್ಟರ್ ತಲೆನೋವು ಎಂಬ ಕಾಯಿಲೆ ಇದೆ. ಹೆಚ್ಚಿನ ವರ್ಷಗಳಲ್ಲಿ ಅದು ಫೆಬ್ರವರಿ ಕೊನೆಗೆ, ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ಹತ್ತಿರ ಬರುವಾಗಲೇ ಶುರುವಾಗುತ್ತದೆ. ಏಳೆಂಟು ವಾರ ಇದ್ದು, ಬಂದಂತೆಯೇ ಹೋಗುತ್ತದೆ. ಈಗ ಜನವರಿ ಮುಗಿಯುತ್ತಿದೆ.

ಈ ಕಾಯಿಲೆಯನ್ನು ಬಲ್ಲವರು ಕಡಿಮೆ. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ನೋವು ತಲೆಯ ಒಂದೇ ಬದಿಗೆ, ಕಣ್ಣಿನ ಸುತ್ತ ಮತ್ತು ಹಣೆಯ ಪಕ್ಕದಲ್ಲಿ, ಕಾದ ಸರಳು ಚುಚ್ಚಿದ ಹಾಗೆ. ಆ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. ಒಂದು ಸಲ ಬಂದರೆ 15 ನಿಮಿಷದಿಂದ 180 ನಿಮಿಷದವರೆಗೆ ಇರಬಹುದು. ಕೆಲವರಿಗೆ ದಿನಕ್ಕೆ ಎಂಟು ಸಲ ಬರುವುದೂ ಉಂಟು. ನನಗೆ ದಿನಕ್ಕೆ ಎರಡು ಸಲ, ಅದರಲ್ಲಿ ಒಂದು ರಾತ್ರಿ ಒಂದೂವರೆಗೆ, ಅಲಾರಾಂ ಇಟ್ಟ ಹಾಗೆ. ಮೆದುಳಿನಲ್ಲಿ ನಿದ್ದೆ ಎಚ್ಚರಗಳ ಗಡಿಯಾರವನ್ನು ನೋಡಿಕೊಳ್ಳುವ ಹೈಪೋಥಾಲಮಸ್ ಎಂಬ ಭಾಗಕ್ಕೂ ಈ ನೋವಿಗೂ ಸಂಬಂಧವಿದೆ ಎಂದು ವೈದ್ಯರು ಹೇಳುತ್ತಾರೆ. ಕಾಲ ಮತ್ತು ಗಂಟೆ ತಪ್ಪದೆ ಬರುವುದು ಅದರಿಂದಲೇ ಇರಬೇಕು. ಮೊದಲ ನಾಲ್ಕು ವರ್ಷ ಇದನ್ನು ಸೈನಸ್ ಎಂದರು, ಹಲ್ಲಿನ ನೋವು ಎಂದರು. ಹೆಸರು ಸಿಕ್ಕಿದ್ದು ಆಮೇಲೆ, ಒಬ್ಬ ನರರೋಗ ತಜ್ಞರಿಂದ.

ಹೆಸರು ಸಿಕ್ಕ ಮೇಲೆ ತಯಾರಿ ಸಾಧ್ಯವಾಯಿತು. ತಯಾರಿ ಶುರು ಮಾಡಿದ ಮೇಲೆ ಮೂರು ಆಕ್ಷೇಪಗಳು ಎದುರಾದವು. ಮೂರೂ ನಮ್ಮ ಮನೆಗಳಲ್ಲಿ, ನಮ್ಮ ಮನಸ್ಸುಗಳಲ್ಲಿ ಇರುವಂಥವೇ. ಆದ್ದರಿಂದ ಒಂದೊಂದಾಗಿ ನೋಡೋಣ.

*ಮೊದಲನೆಯದು: ಹೆಸರು ಹೇಳಿದರೆ ಬರುತ್ತದೆ*

ಜನವರಿಯಲ್ಲಿ ನಾನು ಆಮ್ಲಜನಕದ ಸಿಲಿಂಡರ್ ತಂದಿಟ್ಟರೆ ನಮ್ಮವ್ವನಿಗೆ ಸಂಕಟ. "ಈಗಲೇ ಯಾಕೆ ಅದರ ಹೆಸರು ಎತ್ತೀಯೆ? ಬುಡ್ತು ಅನ್ನು ಮಗ" ಎನ್ನುತ್ತಾಳೆ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ಕೇಳಿಸಿಕೊಂಡು ಬರುತ್ತದೆ ಎಂಬ ಈ ನಂಬಿಕೆಯಲ್ಲಿ ಅವ್ವನ ಪ್ರೀತಿಯೂ ಇದೆ, ನಾನು ಅದನ್ನು ಹಗುರ ಮಾಡುವುದಿಲ್ಲ.

ಆದರೆ ಭಗವಾನ್ ಬುದ್ಧರು ಮೊದಲ ಉಪದೇಶದಲ್ಲೇ ಏನು ಮಾಡಿದರು ನೋಡಿ. ಹುಟ್ಟು, ಮುಪ್ಪು, ರೋಗ, ಸಾವು ಎಂದು ದುಃಖದ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಹೆಸರು ಹೇಳಿದ್ದರಿಂದ ದುಃಖ ಬರಲಿಲ್ಲ. ಕಾರಣ ಹುಡುಕುವ ದಾರಿ ತೆರೆಯಿತು. ಅಂಗುತ್ತರ ನಿಕಾಯದಲ್ಲಿ ಅನಾಗತಭಯ ಎಂಬ ಹೆಸರಿನ ಸುತ್ತಗಳಿವೆ. ಅವುಗಳಲ್ಲೊಂದರಲ್ಲಿ ಭಿಕ್ಖು ಯೋಚಿಸಬೇಕಾದ ಕ್ರಮ ಹೀಗಿದೆ: ಈಗ ನನಗೆ ಪ್ರಾಯವಿದೆ, ಮುಂದೆ ಮುಪ್ಪು ಬರುತ್ತದೆ. ಈಗ ಆರೋಗ್ಯವಿದೆ, ಮುಂದೆ ರೋಗ ಬರುತ್ತದೆ. ಈಗ ಊಟ ಸಿಗುತ್ತಿದೆ, ಮುಂದೆ ಬರಗಾಲ ಬರಬಹುದು. ಆ ಬೇಡದ ದಿನ ಬರುವ ಮೊದಲೇ, ಬಂದಾಗಲೂ ನೆಮ್ಮದಿಯಿಂದ ಇರಲು ಬೇಕಾದುದನ್ನು ಈಗಲೇ ಸಾಧಿಸಬೇಕು. ಇದಕ್ಕೆ ಧಮ್ಮದಲ್ಲಿ ಅಪ್ಪಮಾದ ಎಂಬ ಹೆಸರಿದೆ, ಮೈಮರೆಯದಿರುವುದು ಎಂದರ್ಥ.

*ಎರಡನೆಯದು: ಇದು ನಿನ್ನ ಕರ್ಮ, ಅನುಭವಿಸು*

ಇದನ್ನು ನನಗೆ ನೆಂಟರೂ ಹೇಳಿದ್ದಾರೆ, ಸಹೋದ್ಯೋಗಿಗಳೂ ಹೇಳಿದ್ದಾರೆ. ಹಿಂದಿನ ಜನ್ಮದಲ್ಲಿ ಯಾರ ತಲೆಗೋ ಹೊಡೆದಿರಬೇಕು ಎಂದು ನಕ್ಕವರೂ ಇದ್ದಾರೆ. ಬಂಧುಗಳೇ, ಈ ತರ್ಕದ ಪರಿಚಯ ನಮಗೆ ಹೊಸದಲ್ಲ. ಊರ ಹೊರಗಿನ ನಮ್ಮ ಕೇರಿಗೆ, ನಮ್ಮ ಹಿರಿಯರ ಹಸಿವಿಗೆ, ಮುಟ್ಟಿಸಿಕೊಳ್ಳದ ಬಾವಿಗೆ ಕೊಡುತ್ತಿದ್ದ ಕಾರಣವೂ ಇದೇ.

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ನೇರವಾಗಿ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ತಾವೇನು ಹೇಳುತ್ತೀರಿ? ಬುದ್ಧರು ಎಂಟು ಕಾರಣಗಳನ್ನು ಎಣಿಸುತ್ತಾರೆ. ಪಿತ್ತ, ಕಫ, ವಾತ, ಇವು ಕೂಡಿ ಕೆಡುವುದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮ. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನು ಮೀರಿ ಮಾತಾಡುತ್ತಿದ್ದಾರೆ ಎಂದು ತಳ್ಳಿಹಾಕುತ್ತಾರೆ. ಐದನೆಯ ಕಾರಣ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಕೆಳಗಿಟ್ಟು ಕೂತೆ. ಋತುವಿನ ಬದಲಾವಣೆ. ಪ್ರತಿ ವರ್ಷ ಬೇಸಿಗೆಯ ಬಾಗಿಲಿಗೆ ಬರುವ ನೋವಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ?

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ವಿಷಯವನ್ನು ಇನ್ನಷ್ಟು ಖಚಿತವಾಗಿ ಹೇಳುತ್ತಾರೆ. ಹಿಂದಿನ ಜನ್ಮದ ಕರ್ಮವೇ ಇಂದಿನ ಸ್ಥಿತಿಗೆ ಕಾರಣವೆಂದು ಒಪ್ಪಿದರೆ ಮನುಷ್ಯ ಪ್ರಯತ್ನಕ್ಕೆ ಅರ್ಥ ಉಳಿಯುವುದಿಲ್ಲ, ಬಡವರ ಬಗ್ಗೆ ಸಮಾಜ ಮತ್ತು ಸರ್ಕಾರಕ್ಕೆ ಇರುವ ಹೊಣೆಯೂ ಜಾರಿಹೋಗುತ್ತದೆ. ಆ ಗ್ರಂಥವನ್ನು ಅವರು ಮುಗಿಸಿದ್ದು ಸಕ್ಕರೆ ಕಾಯಿಲೆಯಿಂದ ದೇಹ ಕುಗ್ಗಿದ್ದಾಗ. ಅದು ಅಚ್ಚಾಗಿ ಬಂದದ್ದು ಅವರ ಪರಿನಿಬ್ಬಾಣದ ಮರುವರ್ಷ, 1957ರಲ್ಲಿ. ಕಾಯಿಲೆಯನ್ನು ಅವರು ಕರ್ಮವೆಂದು ಹೊತ್ತು ಕೂರಲಿಲ್ಲ. ಚಿಕಿತ್ಸೆ ಪಡೆಯುತ್ತ ಕೆಲಸ ಮಾಡಿದರು.

*ಮೂರನೆಯದು: ಧ್ಯಾನ ಮಾಡುವವನಿಗೆ ಸಿಲಿಂಡರ್ ಯಾಕೆ?*

ಈ ಆಕ್ಷೇಪ ಎತ್ತುವವರು ನಮ್ಮವರೇ, ಧ್ಯಾನ ಶಿಬಿರಗಳಿಗೆ ಹೋಗಿಬಂದವರು. ನೋವನ್ನು ಸುಮ್ಮನೆ ನೋಡು, ಅದು ಕರಗುತ್ತದೆ ಎನ್ನುತ್ತಾರೆ.

ಎರಡು ಬಾಣಗಳ ಉಪಮೆ ನಿಮಗೆಲ್ಲ ಗೊತ್ತು. ದೇಹಕ್ಕೆ ತಗಲುವ ನೋವು ಮೊದಲ ಬಾಣ, ಅದರ ಮೇಲೆ ಮನಸ್ಸು ಹೊಡೆದುಕೊಳ್ಳುವ ಗೋಳು ಎರಡನೆಯ ಬಾಣ. ಅರಿತವನಿಗೆ ಎರಡನೆಯದು ತಾಗುವುದಿಲ್ಲ. ಆದರೆ ಮೊದಲ ಬಾಣ ಅರಿತವನಿಗೂ ತಾಗುತ್ತದೆ ಎಂಬುದು ಆ ಸುತ್ತದಲ್ಲೇ ಇದೆ, ನಾವು ಅದನ್ನು ಬೇಗ ದಾಟಿಬಿಡುತ್ತೇವೆ. ಸ್ವತಃ ಬುದ್ಧರು ಕೊನೆಯ ಮಳೆಗಾಲದಲ್ಲಿ ಬೇಲುವ ಗ್ರಾಮದಲ್ಲಿ ಕಠಿಣ ವೇದನೆ ಪಟ್ಟರು.

ಈ ತಲೆನೋವಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಮೈಗ್ರೇನ್ ಇರುವವರು ಕತ್ತಲ ಕೋಣೆಯಲ್ಲಿ ಅಲ್ಲಾಡದೆ ಮಲಗಲು ಬಯಸುತ್ತಾರೆ. ನಮಗೆ ಕೂರಲೂ ಆಗುವುದಿಲ್ಲ, ಮಲಗಲೂ ಆಗುವುದಿಲ್ಲ. ಕೋಣೆಯ ಉದ್ದಕ್ಕೂ ಓಡಾಡುತ್ತೇವೆ, ಗೋಡೆಗೆ ತಲೆ ಒತ್ತುತ್ತೇವೆ. ಈ ಚಡಪಡಿಕೆ ರೋಗದ ಲಕ್ಷಣಗಳಲ್ಲೊಂದು, ವೈದ್ಯರು ರೋಗ ಗುರುತಿಸುವಾಗ ಇದನ್ನೂ ಕೇಳುತ್ತಾರೆ. ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕುಳಿತ ಮೂರ್ತಿಯ ಮುಂದೆ ನಾನು ರಾತ್ರಿ ಎರಡಕ್ಕೆ ಅಳುತ್ತ ಓಡಾಡಿದರೆ ನನ್ನ ಧಮ್ಮ ಸೋತಿತು ಎಂದಲ್ಲ. ಸತಿ ಇದ್ದರೆ ಅಷ್ಟು ಹೊತ್ತಿನಲ್ಲೂ ಒಂದು ಮಾತು ನೆನಪಾಗುತ್ತದೆ: ಇದು ವೇದನೆ, ಇದಕ್ಕೆ ಆರಂಭವಿತ್ತು, ಕೊನೆಯೂ ಇದೆ. ನನ್ನ ಅನುಭವದಲ್ಲಿ ಈ ನೆನಪು ನೋವನ್ನು ಕಡಿಮೆ ಮಾಡುವುದಿಲ್ಲ, ಹತಾಶೆಯನ್ನು ಕಡಿಮೆ ಮಾಡುತ್ತದೆ. ನೋವು ಕಡಿಮೆ ಮಾಡುವ ಕೆಲಸ ಆಮ್ಲಜನಕದ್ದು. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆಮ್ಲಜನಕ ಉಸಿರಾಡಿದಾಗ 15 ನಿಮಿಷದೊಳಗೆ ಶೇ. 78ರಷ್ಟು ಸಲ ಸಾಕಷ್ಟು ಪರಿಹಾರ ಸಿಕ್ಕಿತು, ಬರಿಯ ಗಾಳಿ ಕೊಟ್ಟಾಗ ಶೇ. 20ರಷ್ಟು ಸಲ. ಪರೀಕ್ಷಿಸಿ ನೋಡಿ ಒಪ್ಪಿಕೊಳ್ಳಿ ಎಂದವರ ಅನುಯಾಯಿಗಳು ನಾವು.

*ರೋಗಿಗೂ ಕರ್ತವ್ಯಗಳಿವೆ*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಬುದ್ಧರು ಆನಂದನ ಜೊತೆ ಸೇರಿ ಅವನನ್ನು ತೊಳೆದು ಮಲಗಿಸಿದರು, ನಿಮಗೆ ತಂದೆ ತಾಯಿ ಇಲ್ಲಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು ಎಂದು ಸಂಘಕ್ಕೆ ತಿಳಿಸಿದರು. ಈ ಕಥೆ ನಾವು ಹೇಳುತ್ತಿರುತ್ತೇವೆ. ಅದರ ಮುಂದಿನ ಭಾಗವನ್ನು ಕಡಿಮೆ ಹೇಳುತ್ತೇವೆ. ಆರೈಕೆ ಮಾಡಲು ಸುಲಭನಾದ ರೋಗಿಯ ಐದು ಗುಣಗಳು ಅಲ್ಲಿವೆ: ತನಗೆ ಹಿತವಾದದ್ದನ್ನು ಮಾಡುವುದು, ಅದರಲ್ಲೂ ಮಿತಿ ತಿಳಿಯುವುದು, ಔಷಧಿ ತೆಗೆದುಕೊಳ್ಳುವುದು, ರೋಗ ಹೆಚ್ಚಿದೆಯೋ ಇಳಿದಿದೆಯೋ ಹಾಗೇ ಇದೆಯೋ ಎಂದು ಆರೈಕೆ ಮಾಡುವವರಿಗೆ ನಿಜ ಹೇಳುವುದು, ನೋವು ತಾಳುವುದು. ನನ್ನ ಜನವರಿಯ ತಯಾರಿಯನ್ನು ನಾನು ಈ ಐದರ ಕೆಳಗೇ ಬರೆದುಕೊಂಡಿದ್ದೇನೆ.

1. ಹಿತ: ನೋವಿನ ಕಾಲದಲ್ಲಿ ಒಂದು ಗುಟುಕು ಮದ್ಯವೂ ಈ ನೋವನ್ನು ಎಬ್ಬಿಸಬಹುದು. ಐದನೆಯ ಶೀಲ ಪಾಲಿಸುವವರಿಗೆ ಈ ಕೆಲಸ ಆಗಲೇ ಆಗಿದೆ. ನಿದ್ದೆಯ ವೇಳೆ ತಪ್ಪಿಸದಿರುವುದು ನನ್ನ ಇನ್ನೊಂದು ನಿಯಮ.

2. ಮಿತಿ: ವೈದ್ಯರು ನನಗೆ ಹೇಳಿದ ಪ್ರಮಾಣ ನಿಮಿಷಕ್ಕೆ 12 ಲೀಟರ್, 15 ನಿಮಿಷ, ಚೀಲವಿರುವ ಮಾಸ್ಕಿನಲ್ಲಿ. ಅಂದರೆ ಒಂದು ಸಲಕ್ಕೆ 180 ಲೀಟರ್. ಒಂದು ಸಿಲಿಂಡರ್ ಎಷ್ಟು ಸಲಕ್ಕೆ ಬರುತ್ತದೆ ಎಂಬ ಲೆಕ್ಕ ಮೊದಲೇ ಇರಬೇಕು. ಕೋವಿಡ್ ಕಾಲದಲ್ಲಿ ಮನೆಗಳಿಗೆ ಬಂದ ಸಣ್ಣ ಕಾನ್ಸಂಟ್ರೇಟರ್ ಸಾಮಾನ್ಯವಾಗಿ 5 ಲೀಟರಿನದು, ಅದು ಇದಕ್ಕೆ ಸಾಲದು. ಇನ್ನೊಂದು ಮಾತು: ಆಮ್ಲಜನಕದ ಹತ್ತಿರ ಬೆಂಕಿ ಇರಬಾರದು. ನಮ್ಮ ಮನೆಯಲ್ಲಿ ವಂದನೆಯ ಮೇಣದಬತ್ತಿ, ಊದುಬತ್ತಿ ಹಚ್ಚುವ ಕೋಣೆಯಲ್ಲಿ ಸಿಲಿಂಡರ್ ಇಡುವುದಿಲ್ಲ.

3. ಔಷಧಿ: ನೋವಿನ ಸರಣಿ ಶುರುವಾದ ಕೂಡಲೇ ತಡೆಗಟ್ಟುವ ಮಾತ್ರೆ ಆರಂಭಿಸಬೇಕು. ನನಗೆ ಕೊಡುವುದು ವೆರಪಮಿಲ್. ಅದರ ಪ್ರಮಾಣ ಏರಿಸುವಾಗ ಇಸಿಜಿ ನೋಡುತ್ತಾರೆ, ಹಾಗಾಗಿ ವೈದ್ಯರ ಭೇಟಿಯ ದಿನವನ್ನು ಈಗಲೇ ಗೊತ್ತುಮಾಡಿದ್ದೇನೆ. ಇದನ್ನು ಓದಿ ಯಾರೂ ತಾವೇ ಮಾತ್ರೆ ಕೊಳ್ಳಬೇಡಿ.

4. ನಿಜ ಹೇಳುವುದು: ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ, ಪಾಠಗಳನ್ನು ಬೇಗ ಮುಗಿಸುತ್ತಿದ್ದೇನೆ. ಮನೆಯಲ್ಲಿ ಪತ್ನಿಗೆ ಮತ್ತು ಮಗಳಿಗೆ ಮಾಸ್ಕ್ ಹಾಕುವುದು, ರೆಗ್ಯುಲೇಟರ್ ತಿರುಗಿಸುವುದು ತೋರಿಸಿದ್ದೇನೆ. ಇನ್ನೂ ಕಷ್ಟದ ನಿಜವೊಂದಿದೆ. ಈ ನೋವಿನಲ್ಲಿ ಕೆಲವರಿಗೆ ಜೀವವೇ ಬೇಡ ಎನ್ನಿಸುತ್ತದೆ. ಹಾಗನ್ನಿಸಿದರೆ ಯಾರಿಗೆ ಹೇಳಬೇಕು ಎಂಬುದನ್ನು ಅನ್ನಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಪತ್ನಿ, ಒಬ್ಬ ಗೆಳೆಯ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇವೆ.

5. ತಾಳುವುದು: ಇದು ಐದನೆಯದು, ಮೊದಲನೆಯದಲ್ಲ. ಮೇಲಿನ ನಾಲ್ಕನ್ನೂ ಮಾಡಿದ ಮೇಲೆ ಉಳಿಯುವ ನೋವನ್ನು ತಾಳುವುದು. ಬಡವರಿಗೆ ಜಗತ್ತು ಯಾವಾಗಲೂ ಐದನೆಯದನ್ನೇ ಮೊದಲು ಬೋಧಿಸುತ್ತದೆ.

*ಭಯ ಯಾವುದು, ತಯಾರಿ ಯಾವುದು?*

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಾನು ಗುರುತಿಸುವ ಬಗೆ ಇದು: ತಯಾರಿಗೆ ಕೊನೆ ಇದೆ. ಸಿಲಿಂಡರಿನ ಮುಳ್ಳನ್ನು ವಾರಕ್ಕೊಮ್ಮೆ ನೋಡುವುದು ತಯಾರಿ, ಒಂದೇ ರಾತ್ರಿ ಐದು ಸಲ ಎದ್ದು ನೋಡುವುದು ಭಯ. ತಯಾರಿ ನಾಲ್ಕು ಜನರಿಗೆ ಹೇಳುತ್ತದೆ, ಭಯ ಬಚ್ಚಿಡುತ್ತದೆ.

ಒಂದು ಸಣ್ಣ ಲೆಕ್ಕವನ್ನೂ ಮಾಡಿದ್ದೇನೆ. ದಿನಕ್ಕೆ ಎರಡು ಸಲ, ಸಲಕ್ಕೆ ಒಂದು ಗಂಟೆ, ಎಂಟು ವಾರ ಎಂದರೆ 112 ಗಂಟೆ. ವರ್ಷಕ್ಕೆ 8760 ಗಂಟೆಗಳು. 112 ಗಂಟೆಗಳ ಮೇಲೆ ನನಗೆ ಪೂರ್ತಿ ಅಧಿಕಾರವಿಲ್ಲ. ಉಳಿದ 8648 ಗಂಟೆಗಳನ್ನು ಕಾಯುತ್ತ, ಹೆದರುತ್ತ ಕಳೆದರೆ ಎರಡನೆಯ ಬಾಣವನ್ನು ನಾನೇ ವರ್ಷವಿಡೀ ಎದೆಯಲ್ಲಿಟ್ಟುಕೊಂಡಂತೆ. ಪಟ್ಟಿ ಬರೆದು ಮಡಚಿಟ್ಟ ಮೇಲೆ ತರಗತಿಗೆ ಹೋಗಿ ಹಳಗನ್ನಡದ ಪಾಠ ಮಾಡಲು ಮನಸ್ಸು ಬಿಡುವಾಗುತ್ತದೆ. ಈ ಕ್ಷಣದಲ್ಲಿ ಇರುವುದಕ್ಕೂ ನಾಳೆಗೆ ಸಿದ್ಧರಾಗುವುದಕ್ಕೂ ಜಗಳವಿಲ್ಲ ಎಂಬುದು ನನಗೆ ಹೀಗೆ ತಿಳಿಯಿತು.

ಕೊನೆಯದಾಗಿ ಒಂದು ಮಾತು. ತಿಂಗಳ ಸಂಬಳ ಬರುವುದರಿಂದ ನಾನು ಸಿಲಿಂಡರ್ ಬಾಡಿಗೆಗೆ ತರಬಲ್ಲೆ, ರಜೆ ಕೇಳಬಲ್ಲೆ. ಇದೇ ನೋವು ಗಾರೆ ಕೆಲಸದವನಿಗೆ ಬಂದರೆ, ಮನೆಗೆಲಸದ ತಂಗಿಗೆ ಬಂದರೆ, ಅವರ ತಯಾರಿ ಯಾರದು? ಒಬ್ಬರನ್ನೊಬ್ಬರು ನೋಡಿಕೊಳ್ಳಿ ಎಂದ ಮಾತು ನಮ್ಮ ಅಧ್ಯಯನ ಬಳಗಕ್ಕೂ ಅನ್ವಯಿಸುತ್ತದೆ.

*ಇವತ್ತಿನ ಅಭ್ಯಾಸ:* ನಿಮ್ಮ ಬದುಕಿಗೆ ಮತ್ತೆ ಮತ್ತೆ ಬರುವ ಒಂದು ನೋವಿನ ಹೆಸರನ್ನು ಬರೆಯಿರಿ. ಉಬ್ಬಸವಿರಬಹುದು, ಮೂರ್ಛೆಯಿರಬಹುದು, ತಿಂಗಳ ಹೊಟ್ಟೆನೋವಿರಬಹುದು. ಅದರ ಕೆಳಗೆ ರೋಗಿಯ ಐದು ಗುಣಗಳನ್ನು ಬರೆದು ಒಂದೊಂದು ಸಾಲು ತುಂಬಿಸಿ. ನಾಲ್ಕನೆಯ ಸಾಲನ್ನು ಮನೆಯ ಒಬ್ಬರಿಗೆ ಇವತ್ತೇ ಓದಿ ಹೇಳಿ. ಭಾನುವಾರ ವಿಹಾರಕ್ಕೆ ಬರುವಾಗ, ಇಷ್ಟವಿದ್ದವರು ಆ ಹಾಳೆ ತನ್ನಿ. ಯಾರಿಗೆ ಯಾವ ಹೊತ್ತಿನಲ್ಲಿ ಏನು ಬೇಕಾಗಬಹುದು ಎಂದು ನಮ್ಮ ಬಳಗದಲ್ಲಿ ಒಂದು ಪಟ್ಟಿ ಮಾಡೋಣ.

ಸರ್ವರೂ ನಿರೋಗಿಗಳಾಗಲಿ. ರೋಗ ಬಂದವರು ಒಂಟಿಯಾಗದಿರಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.