ಕೇಳಿ ಕೊಡುವ ಕರುಣೆ

(ಮಾರ್ಕ 10:46-52)



ಜೆರಿಕೊ ಪಟ್ಟಣದ ದಾರಿಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯ ಕುರುಡನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪ್ರಭು ಯೇಸು ಅವನನ್ನು ಕರೆಸಿ, ತಮ್ಮಿಂದ ಏನಾಗಬೇಕೆಂದು ಅವನನ್ನೇ ಕೇಳಿದರು. ಕಣ್ಣು ಕೊಡುವ ಮೊದಲು ಆ ಭಿಕ್ಷುಕನಿಗೆ ಗೌರವ ಕೊಟ್ಟರು.

ಕುಡಿತಕ್ಕೋ ಮಾದಕವಸ್ತುವಿಗೋ ಸಿಕ್ಕಿಬಿದ್ದವರನ್ನು ನಾವು ಹೀಗೆ ಕೇಳುವುದುಂಟೇ? ಬೈಯುತ್ತೇವೆ, ಆಣೆ ಹಾಕಿಸುತ್ತೇವೆ, ಕೊನೆಗೆ ಎಲ್ಲಿಗಾದರೂ ಸೇರಿಸಿ ಕೈತೊಳೆದುಕೊಳ್ಳುತ್ತೇವೆ.

ಅಮೆರಿಕದಲ್ಲಿ 'ಆಕ್ಸೆಸ್ ಟು ರಿಕವರಿ' ಎಂಬ ಸರಕಾರಿ ಯೋಜನೆಯೊಂದು ನಡೆಯಿತು. 2003ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ಪ್ರಕಟಿಸಿದರು. 2004ರಲ್ಲಿ 14 ರಾಜ್ಯಗಳಿಗೂ ಒಂದು ಮೂಲನಿವಾಸಿ ಸಂಸ್ಥೆಗೂ ಅನುದಾನ ಸಿಕ್ಕಿತು. ವ್ಯಸನದಿಂದ ಹೊರಬರಲು ಬಯಸಿದವರಿಗೆ ಒಂದು ವೋಚರ್, ಅಂದರೆ ಚಿಕಿತ್ಸೆಗೆಂದೇ ಸಲ್ಲುವ ಚೀಟಿ, ದೊರೆಯುತ್ತಿತ್ತು. ಪಟ್ಟಿಯಲ್ಲಿದ್ದ ಕೇಂದ್ರಗಳಲ್ಲಿ ತಮಗೆ ಒಗ್ಗುವುದನ್ನು ಅವರೇ ಆರಿಸಿಕೊಳ್ಳಬಹುದಿತ್ತು. ಧಾರ್ಮಿಕ ಸಂಸ್ಥೆಗಳು ನಡೆಸುವ ಕೇಂದ್ರಗಳೂ ಆ ಪಟ್ಟಿಯಲ್ಲಿದ್ದವು. ಚಿಕಿತ್ಸೆಗೆ ಹೋಗಿಬರುವ ವಾಹನ, ತಾಯಿ ಚಿಕಿತ್ಸೆಯಲ್ಲಿರುವಾಗ ಮಗುವನ್ನು ನೋಡಿಕೊಳ್ಳುವುದು, ತಂಗಲು ಒಂದು ಒಳ್ಳೆಯ ಜಾಗ, ಇಂಥ ಆಸರೆಗೂ ಯೋಜನೆಯಲ್ಲಿ ಅವಕಾಶವಿತ್ತು. ಕುಡಿತ ಬಿಡುವುದು ಒಂದು ದಿನದ ಮಾತು, ಬಿಟ್ಟು ಬಾಳುವುದು ದಿನದಿನದ ಮಾತು ಎಂಬುದನ್ನು ಅದು ಮರೆಯಲಿಲ್ಲ.

ನಮ್ಮ ಧರ್ಮಕೇಂದ್ರದ ಕೈಯಲ್ಲಿ ಅಂಥ ಚೀಟಿಯಿಲ್ಲ. ಆದರೆ ಕೇಳುವ ಕಿವಿಯಿದೆ. ತಮಿಳು, ತೆಲುಗು, ಕನ್ನಡ ಬೆರೆತ ಈ ಗಡಿಯ ಊರುಗಳಲ್ಲಿ ನಾವು ಸಂತೆಯಲ್ಲಿ ಯಾವ ಭಾಷೆಯನ್ನಾದರೂ ಆಡುತ್ತೇವೆ. ನಾಚಿಕೆಯನ್ನೂ ನೋವನ್ನೂ ತೋಡಿಕೊಳ್ಳಲು ಮಾತ್ರ ತಾಯಿನುಡಿಯೇ ಬೇಕು. ಆಪ್ತಸಲಹೆಗೆ ಹೊರಟವರ ಜೊತೆ ಕನ್ನಡ ಬಲ್ಲ ಒಬ್ಬರು ಹೋಗಿ ಕೂರುವುದೂ ಸೇವೆಯೇ. ಅವರು ದೂರವಿದ್ದಷ್ಟು ದಿನ ಮನೆಯವರಿಗೆ ಊಟ ಮುಟ್ಟಿಸುವುದು, ಮರಳಿ ಬಂದ ಮೇಲೆ ಪೂಜೆಯಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುವುದು, ಮದುವೆಮನೆಯಲ್ಲಿ ಅವರ ಕೈಗೆ ಲೋಟ ಕೊಡದಿರುವುದು, ಇವೂ ಸೇವೆಯೇ. ವ್ಯಸನಮುಕ್ತಿಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446 ಇದೆ, ಬೇಕಾದವರಿಗೆ ತಿಳಿಸಿರಿ.

ಬಾರ್ತಿಮಾಯ ಕೂಗಿದಾಗ ಸುಮ್ಮನಿರೆಂದು ಗದರಿಸಿದ್ದು ಸುತ್ತಲಿನ ಜನ. ಪ್ರಭು ನಿಂತ ಮೇಲೆ ಧೈರ್ಯ ಹೇಳಿ ಅವನನ್ನು ಎಬ್ಬಿಸಿದ್ದೂ ಆ ಗುಂಪಿನ ಜನವೇ. ಆ ಗುಂಪು ನಾವು. ಗದರಿಸಿದ್ದು ಸಾಕು, ಈ ವಾರ ಒಬ್ಬರನ್ನಾದರೂ ಹತ್ತಿರ ಕೂರಿಸಿಕೊಂಡು ಏನು ಬೇಕೆಂದು ಕೇಳೋಣ.

ಪ್ರಭುವೇ, ಕೂಗುವವರ ದನಿಗೆ ನಿಲ್ಲುವ ಕಾಲುಗಳನ್ನು ನಮಗೂ ದಯಪಾಲಿಸಿರಿ. ಆಮೆನ್.