ಕೊಡುವ ಮುನ್ನ ಕೇಳೋಣ

ಸರ್ಕಾರವೋ, ಬ್ಯಾಂಕೋ, ಸೇವಾಸಂಸ್ಥೆಯೋ ನಮ್ಮ ಧರ್ಮಕೇಂದ್ರದ ಬಾಗಿಲು ತಟ್ಟಿ "ನಮ್ಮೊಡನೆ ಕೈಜೋಡಿಸಿ" ಎಂದಾಗ ನಾವು ಏನೆಂದು ಉತ್ತರಿಸಬೇಕು? ಹೊರಗಿನವರ ಸಹವಾಸವೇ ಬೇಡ ಎನ್ನುವವರಿದ್ದಾರೆ. ಒಳ್ಳೆಯ ಕೆಲಸವಾದರೆ ಯಾರಾದರೇನು ಎನ್ನುವವರೂ ಇದ್ದಾರೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಕೇರಳದ ಥುಂಬಾ ಎಂಬ ಮೀನುಗಾರರ ಊರು ಅದನ್ನು ನಮಗೆ ಕಲಿಸುತ್ತದೆ.

ತಿರುವನಂತಪುರದ ಬಳಿಯ ಈ ಕಡಲತೀರದ ಸಮೀಪ ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುತ್ತದೆ. ಮೇಲಿನ ವಾಯುಮಂಡಲದ ಅಧ್ಯಯನಕ್ಕೆ ರಾಕೆಟ್ ಹಾರಿಸಲು ಇದೇ ತಕ್ಕ ಜಾಗವೆಂದು ಡಾ. ವಿಕ್ರಮ್ ಸಾರಾಭಾಯಿ ಬಯಸಿದರು. ಆದರೆ ಅಲ್ಲಿ ಸಂತ ಮರಿಯ ಮಗ್ದಲೇನಳ ದೇವಾಲಯವಿತ್ತು, ಬೆಸ್ತರ ಮನೆಗಳಿದ್ದವು. ಸಾರಾಭಾಯಿಯವರು ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾರವರನ್ನು ಕಂಡರು. ಧರ್ಮಾಧ್ಯಕ್ಷರು ಒಡನೆ ಹೂಂ ಎನ್ನದೆ, ಭಾನುವಾರದ ಪೂಜೆಗೆ ಬರಹೇಳಿದರು. ಅಂದು ಜನರ ಮುಂದೆ ವಿಷಯವನ್ನಿಟ್ಟು ಒಪ್ಪಿಗೆ ಕೇಳಿದರು; ಸಭೆ "ಆಮೆನ್" ಎಂದಿತು ಎಂದು ಡಾ. ಅಬ್ದುಲ್ ಕಲಾಂ ಸ್ಮರಿಸಿದ್ದಾರೆ.

ಕುಟುಂಬಗಳು ಬೇರೆಡೆಗೆ ಹೋದವು. ಅಲ್ಲಿ ಹೊಸ ದೇವಾಲಯವೂ ಎದ್ದಿತು. ಹಳೆಯ ಪ್ರಾರ್ಥನಾ ಕೊಠಡಿ ಪ್ರಯೋಗಾಲಯವಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಮೇಲೇರಿತು.

ನಾವು ರಾಕೆಟ್ಟನ್ನು ನೆನೆಯುತ್ತೇವೆ. ಬೆಲೆ ತೆತ್ತವರು ಯಾರು? ದೋಣಿ ನಿಲ್ಲುತ್ತಿದ್ದ ದಡವನ್ನೂ, ಜ್ಞಾನಸ್ನಾನ ಪಡೆದು ಮದುವೆಯಾದ ದೇವಾಲಯವನ್ನೂ ಬಿಟ್ಟುಕೊಟ್ಟ ಬೆಸ್ತರು. ಆದ್ದರಿಂದ ಅವರನ್ನು ಕೇಳಿದ್ದು ಬರಿಯ ಸೌಜನ್ಯವಲ್ಲ, ನ್ಯಾಯ. ಬೇರೆಯವರ ಕಿಸೆಯಿಂದ ದಾನ ಮಾಡುವುದು ಯಾರಿಗೂ ಸುಲಭ.

ಆದರೂ ಒಂದು ಮಾತು ಉಳಿಯುತ್ತದೆ. ಬಲಿಪೀಠದ ಬಳಿ ನಿಂತು ಧರ್ಮಾಧ್ಯಕ್ಷರೇ ಕೇಳಿದಾಗ "ಆಗದು" ಎನ್ನಲು ಬಡವನಿಗೆ ಎಷ್ಟು ಧೈರ್ಯ ಬೇಕು! ಇಲ್ಲವೆನ್ನಲು ಎಡೆಯಿರುವಲ್ಲಿ ಮಾತ್ರ ಒಪ್ಪಿಗೆಗೆ ಬೆಲೆ.

ಧರ್ಮಸಭೆ ಲೋಕಕ್ಕೆ ನೆರವಾಗುವುದಷ್ಟೇ ಅಲ್ಲ, ಲೋಕದಿಂದ ನೆರವನ್ನೂ ಪಡೆಯುತ್ತದೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಹೀಗಾಗಿ ಬಾಗಿಲು ಮುಚ್ಚಿಕೊಳ್ಳುವುದು ನಮ್ಮ ದಾರಿಯಲ್ಲ. ಆದರೆ ಶಾಲೆಯ ಮೈದಾನವನ್ನೋ ಸಭಾಭವನವನ್ನೋ ಬಿಟ್ಟುಕೊಡುವಾಗ, ಅದರಿಂದ ಕಳೆದುಕೊಳ್ಳುವವರು ಯಾರೆಂದು ಮೊದಲು ಹುಡುಕೋಣ. ಪಾಲನಾ ಸಮಿತಿಯ ಮೇಜಿನ ಸುತ್ತ ಅವರು ಕುಳಿತಿರಲಾರರು. ಅವರ ಮನೆಗೇ ಹೋಗಿ ಕೇಳೋಣ. "ಬೇಡ" ಎಂದರೆ ಮುನಿಯದೆ ಕಿವಿಗೊಡೋಣ. ಹಾಗೆ ಕೇಳಿ ಕೊಟ್ಟ ಕಾಣಿಕೆ, ಚಿಕ್ಕದಾದರೂ, ದೇವರಿಗೆ ಮೆಚ್ಚುಗೆಯಾದೀತು.