ಆರು ಸಾಲಿನ ಆದೇಶ

ದಕ್ಷಿಣ ಕನ್ನಡದ ಸವಣೂರಿನ ನಮ್ಮ ಹಳೇ ಮನೆಯ ಮರದ ಪೆಟ್ಟಿಗೆಯಲ್ಲಿ, ಗೇಣಿ ರಶೀದಿಗಳ ಕಟ್ಟಿನ ಕೆಳಗೆ ಎರಡು ಆದೇಶಗಳಿವೆ. ಎರಡೂ ಒಂದೇ ಜಮೀನಿನವು, ನನ್ನ ದೊಡ್ಡಪ್ಪನ ಹೆಸರಿನವು. ಮೊದಲನೆಯದು ಆರೇ ಸಾಲು. ಅರ್ಜಿದಾರರು ಹಾಜರು, ಎದುರುದಾರರು ಹಾಜರು, ದಾಖಲೆಗಳನ್ನು ಪರಿಶೀಲಿಸಲಾಯಿತು, ಅರ್ಜಿ ವಜಾ. ಕೆಳಗೆ ಮೊಹರು. ಯಾವ ದಾಖಲೆ, ಅದರಲ್ಲಿ ಏನಿತ್ತು, ವರ್ಷಗಟ್ಟಲೆ ಉತ್ತವನ ಮಾತು ಯಾಕೆ ನಂಬಿಕೆಗೆ ಬರಲಿಲ್ಲ ಎಂಬುದಕ್ಕೆ ಒಂದಕ್ಷರವಿಲ್ಲ.

ಅದು ಭೂಮಸೂದೆಯ ಕಾಲ. ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಚಾಲಗೇಣಿಯ ಒಕ್ಕಲುಗಳು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿದರು. ತೀರ್ಮಾನ ಭೂನ್ಯಾಯ ಮಂಡಳಿಯದು. ಅಧ್ಯಕ್ಷತೆ ಅಸಿಸ್ಟೆಂಟ್ ಕಮಿಷನರ್ ಅವರದು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಸಿವಿಲ್ ಕೋರ್ಟಿನ ದಾರಿ ಮುಚ್ಚಿತ್ತು. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು. ತೀರ್ಮಾನ ಬೇಗ ಆಗಲೆಂಬ ಈ ಅವಸರವನ್ನು ನಾನು ಹಳಿಯಲಾರೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಸ್ವಂತ ಗದ್ದೆಯ ಅಕ್ಕಿ ಉಂಡದ್ದು ಆ ಅವಸರದಿಂದಲೇ. ಆದರೆ ಅದೇ ಅವಸರದಲ್ಲಿ ಆರು ಸಾಲಿನ ಆದೇಶಗಳೂ ಹುಟ್ಟಿದವು.

ಉಳಿದದ್ದು ಒಂದೇ ಬಾಗಿಲು, ಸಂವಿಧಾನದ 226 ಮತ್ತು 227ನೇ ವಿಧಿಗಳ ಕೆಳಗೆ ಹೈಕೋರ್ಟಿನ ರಿಟ್. ದೊಡ್ಡಪ್ಪ ಘಾಟಿ ಹತ್ತಿ ಬೆಂಗಳೂರಿಗೆ ಹೋದರು. ಗದ್ದೆಯ ಕಟ್ಟಹುಣಿ ಎಲ್ಲಿ ತಿರುಗುತ್ತದೆ, ನೀರು ಯಾವ ಕಡೆಯಿಂದ ಬರುತ್ತದೆ ಎಂದು ಜಡ್ಜರು ಕೇಳಿಯಾರೆಂದು ಅವರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರಂತೆ. ಯಾರೂ ಕೇಳಲಿಲ್ಲ. ಉತ್ತವರು ಯಾರು ಎಂದು ತೀರ್ಮಾನಿಸುವುದು ರಿಟ್ ಕೋರ್ಟಿನ ಕೆಲಸವಲ್ಲ. ಅದು ನೋಡುವುದು ತೀರ್ಮಾನ ಆದ ರೀತಿಯನ್ನು. ಎರಡೂ ಕಡೆಯವರನ್ನು ಕೇಳಿದಿರಾ? ಸಾಕ್ಷಿ ಹೇಳಿದ್ದನ್ನು ಬರೆದುಕೊಂಡಿರಾ? ಪಾಟೀಸವಾಲಿಗೆ ಬಿಟ್ಟಿರಾ? ಕಾರಣ ಕೊಟ್ಟಿರಾ? ಇದಕ್ಕೆ ಉತ್ತರವಿಲ್ಲದೆ ಮಂಡಳಿಗಳ ಎಷ್ಟೋ ಆದೇಶಗಳು ರದ್ದಾಗಿ ಮರುವಿಚಾರಣೆಗೆ ಹಿಂದೆ ಬಂದವು. ದೊಡ್ಡಪ್ಪನದೂ ಬಂತು. ಬಸ್ಸಿಳಿದವರು ಅಪ್ಪನನ್ನು ಕೇಳಿದರಂತೆ: "ಇದು ಗೆದ್ದದ್ದಾ, ಸೋತದ್ದಾ?"

ನನಗೂ ಬಹಳ ಕಾಲ ಅದೇ ಪ್ರಶ್ನೆ. ತಪ್ಪು ಎಂದು ಗೊತ್ತಾದ ಮೇಲೂ ಕೋರ್ಟು ತಾನೇ ಸರಿಪಡಿಸದೆ ಕಡತವನ್ನು ಅದೇ ಮೇಜಿಗೆ ಕಳಿಸುವುದು ಜಿಪುಣ ನ್ಯಾಯದಂತೆ ಕಾಣುತ್ತಿತ್ತು.

ಮನಸ್ಸು ತಿರುಗಿದ್ದು ಕ್ರೈಪಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ. 1969ರ ಆ ತೀರ್ಪು ಬರೆದವರು ನಮ್ಮದೇ ಅವಿಭಜಿತ ದಕ್ಷಿಣ ಕನ್ನಡದ, ಕಾರ್ಕಳ ತಾಲೂಕು ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ, ಆಯ್ಕೆಗೆ ನಿಂತ ಅಭ್ಯರ್ಥಿಯೊಬ್ಬರೇ ಸದಸ್ಯರಾಗಿ ಕೂತಿದ್ದರು. ತಮ್ಮ ಹೆಸರು ಬಂದಾಗ ಎದ್ದುಹೋಗಿದ್ದರು, ನಿಜ. ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಅಲ್ಲೇ ಇದ್ದರು. ಕೋರ್ಟು ಆಯ್ಕೆಯನ್ನೇ ರದ್ದು ಮಾಡಿತು. ಇದು ಬರೀ ಆಡಳಿತದ ಕೆಲಸ, ನ್ಯಾಯ ಹೇಳುವ ಕೆಲಸವಲ್ಲ ಎಂಬ ಗೆರೆಯ ಹಿಂದೆ ಅಧಿಕಾರಿ ಅಡಗುವಂತಿಲ್ಲ, ಆ ಗೆರೆ ಅಳಿಸಿಹೋಗುತ್ತಿದೆ ಎಂಬುದು ಹೆಗ್ಡೆಯವರ ನಿಲುವು. ಅಂದರೆ ಪಹಣಿ ತಿದ್ದುವವರೂ, ಅಕ್ರಮ-ಸಕ್ರಮದ ಅರ್ಜಿಗೆ ಹಿಂಬರಹ ಕೊಡುವವರೂ ಆ ಹೊತ್ತಿಗೆ ನ್ಯಾಯಪೀಠದಲ್ಲಿ ಕೂತವರೇ. ಆ ಪೀಠದ ಕೆಲಸವನ್ನು ಬೆಂಗಳೂರು ತಾನೇ ಮಾಡಿ ಮುಗಿಸಿದರೆ, ಇಲ್ಲಿ ಕೂತವರು ಅದನ್ನು ಕಲಿಯುವುದು ಯಾವಾಗ?

ಇನ್ನೊಂದು ಮಾತು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರದು, 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ್ದು. ಆದೇಶ ನಿಲ್ಲಬೇಕಾದದ್ದು ಅದರೊಳಗೇ ಬರೆದ ಕಾರಣದ ಮೇಲೆ. ಪ್ರಶ್ನೆ ಬಂದ ಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ತಂದು ಊರುಗೋಲು ಕೊಡುವಂತಿಲ್ಲ. ಬರೆಯುವ ಕೈಯನ್ನು ಇದು ಹೇಗೆ ಹಿಡಿದು ನಿಲ್ಲಿಸುತ್ತದೆ ನೋಡಿ. "ಯಾಕೆಂದರೆ" ಎಂದು ಬರೆಯಲು ಕೂತಾಗ ಎದುರಿಗಿದ್ದವನ ಮುಖ ನೆನಪಿಗೆ ಬರಲೇಬೇಕು. ನಮ್ಮ ಕಡೆ ದೈವ ನುಡಿ ಕೊಡುವ ಮೊದಲೂ ಎರಡೂ ಕಡೆಯವರ ಅರಿಕೆ ಕೇಳುವುದುಂಟು. ಕೇಳಿಸಿಕೊಳ್ಳದೆ ಬಂದ ನುಡಿಗೆ ತಲೆಬಾಗುವುದು ಕಷ್ಟವೆಂದು ಊರಿಗೆ ಕಾನೂನಿಗಿಂತ ಮೊದಲೇ ಗೊತ್ತಿತ್ತು.

ಆದರೂ ಒಂದು ನೋವು ಉಳಿಯುತ್ತದೆ. ರಿಟ್ ಹಾಕಲು ಹಣ ಬೇಕು, ವರ್ಷಗಳು ಬೇಕು. ಅಡಿಕೆ ಒಂದಷ್ಟು ಇದ್ದವರು ಬೆಂಗಳೂರಿಗೆ ಹೋದರು. ಆರು ಸಾಲನ್ನೇ ಹಣೆಬರಹವೆಂದು ಮಡಚಿಟ್ಟವರು ಎಷ್ಟು ಮಂದಿಯೋ. ಅವರ ಮನೆಗಳಲ್ಲೂ ಇಂಥ ಪೆಟ್ಟಿಗೆಗಳಿದ್ದಾವು.

ಎರಡನೆಯ ಆದೇಶ ನಾಲ್ಕು ಪುಟ. ಮರುವಿಚಾರಣೆಯಲ್ಲಿ ಅಧಿಕಾರಿಗಳು ಜಾಗಕ್ಕೇ ಬಂದರು. ಹುಣಿಯ ಮೇಲೆ ನಿಂತು ನೆರೆಯವರ ಹೇಳಿಕೆ ಬರೆಸಿ, ಓದಿ ಹೇಳಿ ಸಹಿ ಹಾಕಿಸಿದರು. ಗದ್ದೆ ದೊಡ್ಡಪ್ಪನಿಗೆ ಬಂತು. ಮೇಲಿನ ಗುಡ್ಡೆಯ ಭಾಗ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದಕ್ಕೇ ಒಂದೂವರೆ ಪುಟ, ಯಾವ ಸಾಕ್ಷಿ ಏನು ಹೇಳಿದರು ಎಂಬುದರ ಸಹಿತ. ಅಪ್ಪ ಜಗಲಿಯಲ್ಲಿ ಕೂತು ಓದಿದರು. ಗುಡ್ಡೆಯ ಭಾಗವನ್ನು ದೊಡ್ಡಪ್ಪ ಎರಡು ಸಲ ಓದಿಸಿದರು. ಎರಡನೇ ಸಲ ಮುಗಿದಾಗ, "ಹೌದು, ಆ ಕಡೆ ನಾವು ಸೊಪ್ಪು ಮಾತ್ರ ತರುತ್ತಿದ್ದದ್ದು" ಎಂದರು.